ಹಲ್ಲು ಹಿತ್ತಾಳೆ ಚೆಂಬಲ್ಲ

ಕರಾವಳಿಯವರಾದ ನಾವು ಹಲ್ಲು ‘ಉಜ್ಜುತ್ತೇವೆ’. ಧಾರವಾಡ, ಗದಗ, ವಿಜಯಪುರದ ಕಡೆಯವರು ಹಲ್ಲು ‘ತಿಕ್ಕುತ್ತಾರೆ’. ಇವೇ ಎರಡು ಕ್ರಿಯಾಪದಗಳನ್ನು ನಾವು ಹಿತ್ತಾಳೆ ಚೆಂಬಿಗೂ, ತಳ ಹಿಡಿದ ಪಾತ್ರೆಗೂ, ಬಚ್ಚಲ ಕಲ್ಲಿಗೂ ಬಳಸುತ್ತೇವೆ. ಬಳಸುವುದಷ್ಟೇ ಅಲ್ಲ, ಹಾಗೆಯೇ ನಡೆದುಕೊಳ್ಳುತ್ತೇವೆ. ಬೆಳಗಿನ ಏಳರ ಫಾಸ್ಟ್ ಲೋಕಲ್ ಹಿಡಿಯುವ ಆತುರದಲ್ಲಿ ಡೊಂಬಿವಲಿಯ ಯಾವುದೇ ಬಿಲ್ಡಿಂಗಿನಲ್ಲಿ ಕಿವಿಗೊಟ್ಟು ನಿಂತರೆ ಪಕ್ಕದ ಮನೆಯ ಯಜಮಾನರು ಹಲ್ಲು ತಿಕ್ಕುವ ಸದ್ದು ಗೋಡೆ ದಾಟಿ ಕೇಳುತ್ತದೆ. ಸದ್ದು ಹೆಚ್ಚಾದಷ್ಟೂ ಶುಚಿ ಹೆಚ್ಚು ಎಂಬುದು ನಮ್ಮವರ ನಂಬಿಕೆ. ಈ ನಂಬಿಕೆಯ ಮೇಲೆ ನನಗೆ ಜಗಳವಿದೆ.

ನಾನು ದಂತವೈದ್ಯನಲ್ಲ. ಕೇಂದ್ರ ಸರ್ಕಾರದ ಕಛೇರಿಯೊಂದರಲ್ಲಿ ಕಡತ ತಿರುವುವ ಗುಮಾಸ್ತ. ಬಿ.ಎಸ್ಸಿ.ಯಲ್ಲಿ ಓದಿದ ರಸಾಯನಶಾಸ್ತ್ರ ಹೊಟ್ಟೆಗೆ ಅನ್ನ ಕೊಡಲಿಲ್ಲವಾದರೂ ಜಾಹೀರಾತು ಓದುವಾಗ ಕೆಲಸಕ್ಕೆ ಬರುತ್ತದೆ. ಆ ಅಲ್ಪ ಓದಿನ ಬಲದ ಮೇಲೆಯೇ ಹೇಳುತ್ತೇನೆ: ನಮ್ಮ ಕನ್ನಡ ಮನೆಗಳಲ್ಲಿ ನಲವತ್ತು ದಾಟಿದವರಿಗೆ ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುವುದಕ್ಕೆ ಮುಕ್ಕಾಲು ಪಾಲು ಕಾರಣ ಹುಳುಕಲ್ಲ, ಸವೆತ. ಆ ಸವೆತ ವಿಧಿ ತಂದದ್ದಲ್ಲ, ನಾವೇ ಹಣ ಕೊಟ್ಟು ತಂದುಕೊಂಡದ್ದು.

ಮೊದಲು ವಸ್ತುವಿನ ಪರಿಚಯವಾಗಲಿ. ಹಲ್ಲಿನ ಮೇಲಿನ ಕವಚಕ್ಕೆ ಎನಾಮಲ್ ಎನ್ನುತ್ತಾರೆ. ಮನುಷ್ಯ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ತೂಕದಲ್ಲಿ ಶೇಕಡಾ 96ರಷ್ಟು ಖನಿಜವೇ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದ ಹೈಡ್ರಾಕ್ಸಿ ಅಪಟೈಟ್. ಆದರೆ ಒಂದು ವಿಚಿತ್ರ ನೋಡಿ. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಮಾಯುತ್ತದೆ, ಉಗುರು ಕತ್ತರಿಸಿದರೆ ಬೆಳೆಯುತ್ತದೆ. ಎನಾಮಲ್ ಮಾತ್ರ ಹೋದರೆ ಹೋಯಿತು. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ವಸಡಿನಿಂದ ಹೊರಬರುವ ಹೊತ್ತಿಗೇ ಸತ್ತುಹೋಗಿರುತ್ತವೆ. ಮನೆ ಕಟ್ಟಿದ ಮೇಸ್ತ್ರಿ ಊರು ಬಿಟ್ಟು ಹೋದ ಹಾಗೆ. ಎಂಜಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್‌ಗಳು ಮೆತ್ತಗಾದ ಮೇಲ್ಪದರವನ್ನು ಒಂದಿಷ್ಟು ಗಟ್ಟಿ ಮಾಡಬಲ್ಲವು. ಕರಗಿ, ಸವೆದು ಹೋದದ್ದನ್ನು ಮತ್ತೆ ಬೆಳೆಸಲಾರವು. ಆರೇಳು ವರ್ಷದ ಮಗುವಿಗೆ ಬಂದ ಬಾಚಿಹಲ್ಲಿನ ಕವಚ ಅದೇ ಮನುಷ್ಯನ ಎಪ್ಪತ್ತರ ತನಕ ಬಾಳಬೇಕು. ಅದರ ದಪ್ಪವಾದರೂ ಎಷ್ಟು? ದವಡೆಹಲ್ಲಿನ ತುದಿಯಲ್ಲಿ ಎರಡೂವರೆ ಮಿಲಿಮೀಟರ್. ವಸಡಿನ ಹತ್ತಿರ ಬಂದಂತೆ ತೆಳುವಾಗುತ್ತ ಇಲ್ಲವೇ ಇಲ್ಲ ಎನ್ನುವಂತಾಗುತ್ತದೆ.

ಖನಿಜಗಳ ಗಡಸುತನ ಅಳೆಯಲು ಮೋಸ್ ಎಂಬ ಜರ್ಮನ್ ವಿದ್ವಾಂಸನ ಅಳತೆಗೋಲೊಂದಿದೆ. ಒಂದರಿಂದ ಹತ್ತರ ತನಕ. ಎನಾಮಲ್‌ನ ಸ್ಥಾನ ಸುಮಾರು 5. ಮರಳಿನಲ್ಲಿರುವ ಸ್ಫಟಿಕಶಿಲೆಯದು 7. ಗಟ್ಟಿಯದು ಮೆತ್ತಗಿನದನ್ನು ಗೀರುತ್ತದೆ ಎಂಬುದಕ್ಕೆ ಬಿ.ಎಸ್ಸಿ. ಬೇಕಾಗಿಲ್ಲ. ಈಗ ನಮ್ಮ ಹಿರಿಯರು ಹಲ್ಲಿಗೆ ಹಾಕುತ್ತಿದ್ದ ಪುಡಿಗಳನ್ನು ಒಂದೊಂದಾಗಿ ನೋಡಿ. ಇಟ್ಟಿಗೆ ಪುಡಿ ಎಂದರೆ ಸುಟ್ಟ ಮಣ್ಣು, ಅದರೊಳಗೆ ಮರಳು. ದಕ್ಷಿಣ ಕನ್ನಡದ ಉಮಿಕರಿ ಎಂದರೆ ಸುಟ್ಟ ಭತ್ತದ ಹೊಟ್ಟು, ಅದರ ಬೂದಿಯ ಬಹುಪಾಲು ಸಿಲಿಕಾ. ಕೆಂಪು ಹಲ್ಲುಪುಡಿಯ ಬಣ್ಣಕ್ಕೆ ಕಾರಣವಾದ ಕೆಮ್ಮಣ್ಣಿನಲ್ಲಿರುವುದು ಕಬ್ಬಿಣದ ಆಕ್ಸೈಡ್, ಅದೂ ಎನಾಮಲ್‌ಗಿಂತ ಗಟ್ಟಿಯೇ. ಉಪ್ಪಿನ ವಿಷಯದಲ್ಲಿ ಮಾತ್ರ ನ್ಯಾಯ ಹೇಳಬೇಕು: ಅದು ಎನಾಮಲ್‌ಗಿಂತ ಮೆತ್ತಗಿನದು, ಬಾಯಲ್ಲಿ ಕರಗಿಹೋಗುತ್ತದೆ, ಕಲ್ಲುಪ್ಪಿನ ಹರಳು ವಸಡನ್ನು ಗೀರುತ್ತದೆಯೇ ಹೊರತು ಕವಚಕ್ಕೆ ಅಷ್ಟೇನೂ ಮಾಡದು. ಬೇವಿನ ಕಡ್ಡಿಯನ್ನೂ ನಾನು ದೂರುವುದಿಲ್ಲ. ಮೆತ್ತಗೆ ಅಗಿದು ನಾರು ಮಾಡಿಕೊಂಡು ನಿಧಾನವಾಗಿ ಆಡಿಸಿದರೆ ಅದರಲ್ಲಿ ಮರಳೂ ಇಲ್ಲ, ಮೋಸವೂ ಇಲ್ಲ.

ಇಷ್ಟು ಹೇಳುತ್ತಲೂ ಸಂಘದ ಹಿರಿಯರೊಬ್ಬರು ಎದ್ದು ನಿಲ್ಲುವುದು ನನಗೆ ಗೊತ್ತು. “ನಮ್ಮ ಅಜ್ಜ ತೊಂಬತ್ತರಲ್ಲೂ ಕಬ್ಬು ಸಿಗಿಯುತ್ತಿದ್ದರು ಮಾರಾಯರೆ, ಅವರು ಜೀವಮಾನವಿಡೀ ಇದ್ದಿಲಲ್ಲೇ ಉಜ್ಜಿದ್ದು!” ಇರಬಹುದು ಸ್ವಾಮಿ. ಅಜ್ಜನ ಬೆರಳಿಗೆ ಇಂದಿನ ಗಟ್ಟಿ ನೈಲಾನ್ ಬ್ರಷ್ಷಿನ ಹಿಡಿತವಿರಲಿಲ್ಲ. ಅಜ್ಜ ಊಟಕ್ಕೆ ಮೊದಲೊಂದು, ಆಮೇಲೊಂದು ಕೋಲಾ ಕುಡಿಯಲಿಲ್ಲ. ಅದಕ್ಕಿಂತ ಮುಖ್ಯವಾಗಿ, ನಲವತ್ತೈದಕ್ಕೇ ಬೊಚ್ಚುಬಾಯಾಗಿ ಅಂಬಲಿ ಕುಡಿದು ತೀರಿಕೊಂಡ ಅಜ್ಜಂದಿರ ಕಥೆಯನ್ನು ಮನೆಯಲ್ಲಿ ಯಾರೂ ಹೇಳುವುದಿಲ್ಲ. ಕಬ್ಬು ಸಿಗಿದವರ ಕಥೆ ಮಾತ್ರ ಉಳಿಯುತ್ತದೆ. ಹಳಬರ ಹಲ್ಲೆಲ್ಲ ವಜ್ರ ಎನ್ನುವವರು ಈಜಿಪ್ಟಿನ ಮಮ್ಮಿಗಳ ಬಾಯಿ ನೋಡಬೇಕು. ಬೀಸುವ ಕಲ್ಲಿನ ಪುಡಿ, ಮರುಭೂಮಿಯ ಮರಳು ಸೇರಿದ ರೊಟ್ಟಿ ತಿಂದು ಅರಸರ ದವಡೆಹಲ್ಲೂ ಸಮತಟ್ಟಾಗಿ ಸವೆದಿದೆ.

ಹಿರಿಯರ ಅಜ್ಞಾನಕ್ಕಾದರೂ ಕ್ಷಮೆಯಿದೆ. ತಿಳಿದೂ ತಿಳಿದೂ ಮಾರುವವರಿಗೆ ಏನನ್ನೋಣ? ಇದ್ದಿಲಲ್ಲಿ ಹಲ್ಲುಜ್ಜುವವನನ್ನು ಹಳ್ಳಿಗಮಾರನೆಂದು ಗೇಲಿ ಮಾಡಿದ ಟೂತ್ ಪೌಡರಿನ ಜಾಹೀರಾತನ್ನು ದೂರದರ್ಶನದಲ್ಲಿ ನೋಡಿದ ನೆನಪು ನನ್ನ ವಯಸ್ಸಿನವರಿಗೆಲ್ಲ ಇದೆ. ಇಂದು ಅದೇ ಇದ್ದಿಲು ಕಪ್ಪು ಟ್ಯೂಬಿನೊಳಗೆ ಸೇರಿ, ‘ಆಕ್ಟಿವೇಟೆಡ್’ ಎಂಬ ಬಿರುದು ಹೊತ್ತು, ವಾಶಿಯ ಮಾಲುಗಳಲ್ಲಿ ಮಾಮೂಲಿ ಪೇಸ್ಟಿನ ಎರಡು ಮೂರು ಪಟ್ಟು ಬೆಲೆಗೆ ಮಾರಾಟವಾಗುತ್ತಿದೆ. ಅಜ್ಜಿಯ ಒಲೆಯಿಂದ ಪುಕ್ಕಟೆ ಸಿಗುತ್ತಿದ್ದಾಗ ಅದು ಮೌಢ್ಯವಾಗಿತ್ತು. ರಟ್ಟಿನ ಪೆಟ್ಟಿಗೆಗೆ ಬಂದಾಗ ವಿಜ್ಞಾನವಾಯಿತು! 2017ರಲ್ಲಿ ಅಮೆರಿಕದ ದಂತವೈದ್ಯರ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಮೀಕ್ಷೆ, ಇದ್ದಿಲಿನ ಪೇಸ್ಟ್ ಮತ್ತು ಪುಡಿಗಳು ಸುರಕ್ಷಿತವೆಂದಾಗಲಿ ಪರಿಣಾಮಕಾರಿಯೆಂದಾಗಲಿ ಹೇಳಲು ಸಾಕಷ್ಟು ಆಧಾರವಿಲ್ಲವೆಂದು ಬರೆಯಿತು. ಅದು ಯಾವ ಜಾಹೀರಾತಿನಲ್ಲೂ ಬರಲಿಲ್ಲ.

ಎಲ್ಲಕ್ಕೂ ಮೂಲ ಈ ಬಿಳುಪಿನ ಹುಚ್ಚು. ಹಲ್ಲು ಮೊಲ್ಲೆ ಮೊಗ್ಗಿನಂತಿರಬೇಕೆಂದು ನಮ್ಮ ವಧುಪರೀಕ್ಷೆಯ ಮಾವಂದಿರಿಂದ ಹಿಡಿದು ಸಿನಿಮಾದವರ ತನಕ ಎಲ್ಲರ ಹಟ. ನಿಜವಾಗಿ ಎನಾಮಲ್ ಅರೆಪಾರದರ್ಶಕ. ಅದರ ಕೆಳಗಿರುವ ಡೆಂಟಿನ್ ಎಂಬ ಪದರ ಹಳದಿ. ಆದ್ದರಿಂದ ಆರೋಗ್ಯವಂತ ಹಲ್ಲಿನಲ್ಲಿ ಒಂದು ಕೆನೆಬಣ್ಣ ಇದ್ದೇ ಇರುತ್ತದೆ. ಇದನ್ನು ಕೊಳೆಯೆಂದು ತಿಳಿದು ನಮ್ಮವರು ತಿಕ್ಕುತ್ತಾರೆ. ತಿಕ್ಕಿದಾಗ ಕವಚ ತೆಳುವಾಗುತ್ತದೆ. ತೆಳುವಾದಾಗ ಒಳಗಿನ ಹಳದಿ ಹೆಚ್ಚು ಕಾಣುತ್ತದೆ. ಹಳದಿ ಹೆಚ್ಚಾಯಿತೆಂದು ಇನ್ನೂ ಜೋರಾಗಿ ತಿಕ್ಕುತ್ತಾರೆ. ಈ ಸಲ ‘ವೈಟನಿಂಗ್’ ಎಂದು ಬರೆದ ಪೇಸ್ಟನ್ನೇ ತರುತ್ತಾರೆ. ಅಂಥ ಪೇಸ್ಟುಗಳಲ್ಲಿ ತಿಕ್ಕುಪುಡಿ ಸಾಮಾನ್ಯವಾಗಿ ಹೆಚ್ಚು ಒರಟು. ಕೊನೆಗೆ ಹಲ್ಲು ಜುಮ್ಮೆನ್ನತೊಡಗಿದಾಗ ಅದಕ್ಕೂ ಬೇರೆ ಪೇಸ್ಟ್ ಸಿದ್ಧವಾಗಿದೆ. ಇಂಥವುಗಳಲ್ಲಿ ಬಳಸುವ ಪೊಟ್ಯಾಸಿಯಂ ನೈಟ್ರೇಟ್ ನರವನ್ನು ಸುಮ್ಮನಾಗಿಸುತ್ತದೆಯೇ ಹೊರತು ಸವೆದದ್ದನ್ನು ತುಂಬುವುದಿಲ್ಲ. ನೋವು ನಿಂತಿತೆಂದು ನಮ್ಮ ಮಹಾನುಭಾವರು ಮತ್ತೆ ತಿಕ್ಕಲು ಹೊರಡುತ್ತಾರೆ.

ಪೇಸ್ಟ್ ಎಷ್ಟು ಒರಟು ಎಂಬುದಕ್ಕೆ ಅಳತೆ ಇಲ್ಲವೆಂದಲ್ಲ. ಆರ್.ಡಿ.ಎ. ಎಂಬ ಅಂಕೆಯಿದೆ, ಅಂತರರಾಷ್ಟ್ರೀಯ ಮಾನಕದಲ್ಲಿ ಅದು 250ನ್ನು ಮೀರುವಂತಿಲ್ಲ. ಫ್ಲೋರೈಡ್ ಎಷ್ಟಿದೆಯೆಂದು ಟ್ಯೂಬಿನ ಮೇಲೆ ಅಚ್ಚುಮಾಡಲೇಬೇಕೆಂದು ನಮ್ಮ ಸರ್ಕಾರ ನಿಯಮ ಮಾಡಿದೆ, ಅದರ ಮಿತಿಯನ್ನೂ ಹತ್ತು ಲಕ್ಷದಲ್ಲಿ 1000 ಭಾಗವೆಂದು ಗೊತ್ತುಮಾಡಿದೆ. ಸಂತೋಷ. ಹಾಗಾದರೆ ಒರಟುತನದ ಅಂಕೆಯನ್ನೂ ಅಚ್ಚುಮಾಡಿರೆಂದು ಹೇಳಲು ಏನು ಅಡ್ಡಿ? ನಾನು ಅಂಗಡಿಯಲ್ಲಿ ತಿರುವಿ ನೋಡಿದ ಒಂದು ಟ್ಯೂಬಿನ ಮೇಲೂ ಅದಿಲ್ಲ. ಗೋಡೆಗೆ ಹಚ್ಚುವ ಮರಳುಕಾಗದದ ಹಿಂದೆ ನಂಬರು ಇರುತ್ತದೆ, ಬಾಯಿಗೆ ಹಾಕುವ ಪೇಸ್ಟಿನ ಮೇಲೆ ಇಲ್ಲ! ಹಲ್ಲುಪುಡಿಯೊಳಗೆ ತಂಬಾಕು ಸೇರಿಸಬಾರದೆಂದು 1992ರಲ್ಲಿ ಕೇಂದ್ರ ಸರ್ಕಾರವೇ ನಿಷೇಧ ಹೇರಿತು. ಆದರೂ ಥಾಣೆ, ಕಲ್ಯಾಣದ ಚಾಳುಗಳಲ್ಲಿ ತಂಬಾಕನ್ನು ಹುರಿದು ಪುಡಿಮಾಡಿದ ಮಶೇರಿಯಿಂದ ಹಲ್ಲುಜ್ಜುವ ಹೆಂಗಸರು ಇಂದಿಗೂ ಇದ್ದಾರೆ. ನೆರೆಮನೆಯ ಮರಾಠಿ ಗೆಳತಿಯರಿಂದ ನಮ್ಮವರೂ ಕೆಲವರು ಕಲಿತಿದ್ದಾರೆ. ಅದು ಹಲ್ಲಿನ ಪ್ರಶ್ನೆಯನ್ನು ಮೀರಿ ಪ್ರಾಣದ ಪ್ರಶ್ನೆ.

ಇನ್ನು ನಮ್ಮಲ್ಲೇ ಒಂದು ವರ್ಗದವರ ಮಾತು. ಇದನ್ನು ಬರೆಯುವಾಗ ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚು. ಗದಗ ಜಿಲ್ಲೆಯ ಮುಂಡರಗಿ, ಕೊಪ್ಪಳ, ರಾಯಚೂರು, ತುಮಕೂರು ಜಿಲ್ಲೆಯ ಪಾವಗಡ – ಈ ಕಡೆಯ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನು ಎಂಟು ವರ್ಷದೊಳಗಿನ ಮಗು ಕುಡಿದು ಬೆಳೆದರೆ, ವಸಡಿನೊಳಗೆ ಇನ್ನೂ ರೂಪುಗೊಳ್ಳುತ್ತಿರುವ ಎನಾಮಲ್‌ನಲ್ಲೇ ಸುಣ್ಣದಂಥ ಬಿಳಿ ಮಚ್ಚೆ, ಕಂದು ಪಟ್ಟೆ ಮೂಡುತ್ತದೆ. ಆ ಭಾಗಗಳಿಂದ ಕೂಲಿಗೆ, ಕಟ್ಟಡದ ಕೆಲಸಕ್ಕೆ ನವಿಮುಂಬಯಿಗೆ ಬಂದ ಕುಟುಂಬಗಳು ಎಷ್ಟೋ ಇವೆ. ನಗುವಾಗ ಸೆರಗನ್ನೋ ಅಂಗೈಯನ್ನೋ ಬಾಯಿಗೆ ಅಡ್ಡ ಹಿಡಿಯುವ ಹುಡುಗಿಯರನ್ನು ನೀವೂ ಕಂಡಿರಬಹುದು. ಅವರಿಗೆ ಸುತ್ತಲಿನವರು ಕೊಡುವ ಸಲಹೆ ಒಂದೇ: “ಚಲೋತ್ನ್ಯಾಗ ತಿಕ್ಕವ್ವಾ, ಹೊಕ್ಕೈತಿ.” ಅವರು ಇಟ್ಟಿಗೆ ಪುಡಿ, ಬೂದಿ, ನಿಂಬೆಸಿಪ್ಪೆ, ಕೊನೆಗೆ ಬಟ್ಟೆ ಒಗೆಯುವ ಸೋಡಾ ತನಕ ಹಾಕಿ ತಿಕ್ಕುತ್ತಾರೆ. ಮಚ್ಚೆ ಕವಚದ ಮೇಲೆ ಕೂತ ಕೊಳೆಯಲ್ಲ, ಕವಚದೊಳಗೇ ಇರುವಂಥದ್ದು. ಮೊದಲೇ ಬಲ ಕಡಿಮೆಯಾದ ಎನಾಮಲ್ ತಿಕ್ಕಾಟಕ್ಕೆ ಬೇಗ ಚಕ್ಕೆಯೇಳುತ್ತದೆ. ಆ ತಾಯಂದಿರಿಗೆ ಯಾರಾದರೂ ಕನ್ನಡದಲ್ಲಿ ಕೂತು ಹೇಳಬೇಕಾಗಿತ್ತು: ಇದು ನಿನ್ನ ಕೊಳಕುತನವಲ್ಲ, ನಿನ್ನ ಊರಿನ ನೀರು, ತಿಕ್ಕಬೇಡ, ತೀರಾ ಬೇಸರವೆನಿಸಿದರೆ ದಂತವೈದ್ಯರ ಬಳಿ ಮೇಲೆ ತೇಪೆ ಹಾಕಿಸಿಕೊಳ್ಳುವ ದಾರಿಯಿದೆ, ಇಲ್ಲಿ ಹುಟ್ಟಿದ ನಿನ್ನ ಮಕ್ಕಳಿಗೆ ಅದು ಬರುವ ಭಯವಿಲ್ಲ. ಕಲ್ಯಾಣ, ಡೊಂಬಿವಲಿಯವರು ಕುಡಿಯುವುದು ಉಲ್ಹಾಸ ನದಿಯ ನೀರು, ನವಿಮುಂಬಯಿಗೆ ಮೊರ್ಬೆ ಅಣೆಕಟ್ಟಿನದು. ಇಂಥ ಮಳೆನೀರಿನ ಹೊಳೆಗಳಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ನಮ್ಮ ಸಂಘಗಳು ಕರ್ನಾಟಕದಿಂದ ಹಾಸ್ಯ ಭಾಷಣಕಾರರನ್ನು ಕರೆಸುತ್ತವೆ. ಈ ನಾಲ್ಕು ಮಾತು ಹೇಳಲು ಯಾರನ್ನೂ ಕರೆಸಲಿಲ್ಲ.

“ಫ್ಲೋರೈಡಿನಿಂದ ಹಲ್ಲು ಕೆಡುತ್ತದೆಂದು ನೀವೇ ಹೇಳುತ್ತೀರಿ, ಮತ್ತೆ ಪೇಸ್ಟಿನಲ್ಲಿ ಅದೇಕೆ?” ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಬಾಲ್ಯದಲ್ಲಿ ದಿನವೂ ಲೀಟರುಗಟ್ಟಲೆ ನುಂಗುವುದು ಬೇರೆ, ಹಚ್ಚಿ ಉಗುಳುವುದು ಬೇರೆ. ಹೊರಗಿನಿಂದ ತಾಗಿದ ಫ್ಲೋರೈಡ್ ಎನಾಮಲ್‌ನ ಮೇಲ್ಪದರದಲ್ಲಿ ಸೇರಿ ಅದನ್ನು ಹುಳಿಗೆ ಜಗ್ಗದಂತೆ ಮಾಡುತ್ತದೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಪೇಸ್ಟ್ ಸಾಕು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಹಾವಿನಂತೆ ಮಲಗಿಸುವುದು ಟ್ಯೂಬ್ ಬೇಗ ಖಾಲಿಯಾಗಲಿ ಎಂಬ ಕಾರಣಕ್ಕೆ.

ಹುಳಿಯ ಮಾತು ಬಂತು. ಹುಣಸೆ ತಿಂದಾಗ ‘ಹಲ್ಲು ಚಳಿತುಹೋಯಿತು’ ಎನ್ನುತ್ತೇವಲ್ಲ, ನಮ್ಮ ಭಾಷೆಗೆ ಅದು ಎಂದೋ ಗೊತ್ತು. ಹುಳಿಯನ್ನು ಪಿ.ಎಚ್. ಎಂಬ ಅಳತೆಯಿಂದ ಅಳೆಯುತ್ತಾರೆ. ಅಂಕೆ ಇಳಿದಷ್ಟೂ ಹುಳಿ ಹೆಚ್ಚು, ಒಂದು ಅಂಕೆ ಇಳಿದರೆ ಹತ್ತು ಪಟ್ಟು. ಸುಮಾರು 5.5ಕ್ಕಿಂತ ಕೆಳಗೆ ಬಂದರೆ ಎನಾಮಲ್ ಕರಗಲು ತೊಡಗುತ್ತದೆ. ಕೋಲಾದ ಅಂಕೆ ಸುಮಾರು 2.5. ಎಂದರೆ ಆ ಮಿತಿಗಿಂತ ಸಾವಿರ ಪಟ್ಟು ಹುಳಿ. ಸಕ್ಕರೆ ಸುರಿದು ನಾಲಿಗೆಗೆ ತಿಳಿಯದಂತೆ ಮುಚ್ಚಿಡುತ್ತಾರೆ, ಅಷ್ಟೆ. ‘ಡಯಟ್’ ಎಂದು ಬರೆದದ್ದರಲ್ಲಿ ಸಕ್ಕರೆ ಇಲ್ಲ, ಹುಳಿ ಇದ್ದೇ ಇದೆ. ನಿಂಬೆರಸವೂ ಕಡಿಮೆಯದಲ್ಲ. ನಮ್ಮ ಪುನರ್ಪುಳಿ, ಇಲ್ಲಿಯವರ ಕೋಕಂ ಶರಬತ್ತೂ ಅದೇ ಜಾತಿ. ಊರಿನದೆಂಬ ಅಭಿಮಾನದಿಂದ ಅದಕ್ಕೆ ರಿಯಾಯಿತಿ ಕೊಡಲಾಗದು. 2019ರಲ್ಲಿ ಕುರ್ಲಾ ನಿಲ್ದಾಣದ ನಿಂಬೆ ಶರಬತ್ತಿನ ಕೊಳಕು ವಿಡಿಯೊದಲ್ಲಿ ಬಯಲಾದಾಗ ಮಧ್ಯ ರೈಲ್ವೆ ತನ್ನ ನಿಲ್ದಾಣಗಳಲ್ಲಿ ಬಿಡಿ ಶರಬತ್ತು ಮಾರುವುದನ್ನೇ ನಿಲ್ಲಿಸಿತು. ನೀರಿನ ಕೊಳೆಗೆ ಅಷ್ಟು ಗದ್ದಲ ಎಬ್ಬಿಸಿದ ನಾವು ಪ್ರಯಾಣಿಕರು, ಕಲ್ಯಾಣದಿಂದ ಸಿ.ಎಸ್.ಟಿ. ತನಕ ಒಂದೇ ಬಾಟಲಿ ಕೋಲಾವನ್ನು ಗುಟುಕು ಗುಟುಕಾಗಿ ಹೀರುತ್ತ, ಒಂದೂಕಾಲು ಗಂಟೆ ಹಲ್ಲನ್ನು ಹುಳಿಯಲ್ಲಿ ನೆನೆಸಿಡುತ್ತೇವೆ. ಎಂಜಲು ಬಾಯನ್ನು ಸರಿಪಡಿಸಲು ಹೊರಟಾಗಲೆಲ್ಲ ಇನ್ನೊಂದು ಗುಟುಕು. ಕುಡಿಯಲೇಬೇಕೆಂದರೆ ಒಂದೇ ಸಲಕ್ಕೆ ಕುಡಿದು, ಬಾಯಿ ನೀರಿನಿಂದ ಮುಕ್ಕಳಿಸುವುದು ಎಷ್ಟೋ ಮೇಲು. ಹುಳಿ ಕುಡಿದ ಕೂಡಲೇ ಬ್ರಷ್ ಹಿಡಿಯುವುದು ಬೇಡ. ಮೆತ್ತಗಾದ ಪದರ ಬ್ರಷ್ಷಿಗೆ ಸುಲಭದ ತುತ್ತು. ಅರ್ಧ ಮುಕ್ಕಾಲು ಗಂಟೆ ಬಿಡಿ ಎಂದೇ ವೈದ್ಯರು ಸಾಮಾನ್ಯವಾಗಿ ಹೇಳುವುದು. ಹುಳಿತೇಗು, ಎದೆಯುರಿ ಇರುವವರಿಗೂ, ಬಸುರಿಯರ ವಾಂತಿಗೂ ಇದೇ ಮಾತು, ಏಕೆಂದರೆ ಹೊಟ್ಟೆಯ ಆಮ್ಲ ಕೋಲಾಕ್ಕಿಂತ ತೀಕ್ಷ್ಣ.

ಕುಡಿಯದೆಯೇ ಹಲ್ಲನ್ನು ಆಮ್ಲಕ್ಕೆ ಒಡ್ಡುವವರೂ ನಮ್ಮ ನಡುವೆ ಇದ್ದಾರೆ. ಡೊಂಬಿವಲಿ ಎಂ.ಐ.ಡಿ.ಸಿ., ಅಂಬರನಾಥ, ಥಾಣೆ-ಬೇಲಾಪುರ ರಸ್ತೆಯ ಪಟ್ಟಿ – ಇಲ್ಲೆಲ್ಲ ಲೋಹಕ್ಕೆ ಕಲಾಯಿ ಹಾಕುವ, ಬ್ಯಾಟರಿ ತುಂಬುವ, ರಾಸಾಯನಿಕ ಕಾಸುವ ಶೆಡ್ಡುಗಳಿವೆ. ಆಮ್ಲದ ತೊಟ್ಟಿಯ ಹಬೆಯಲ್ಲಿ ವರ್ಷಗಟ್ಟಲೆ ಬಾಯಿ ತೆರೆದು ಮಾತಾಡುತ್ತ ಕೆಲಸ ಮಾಡಿದವನ ಮುಂದಿನ ಹಲ್ಲುಗಳ ತುದಿ ಕರಗಿ ಮೋಟಾಗುತ್ತದೆ. ಇದು ವೈದ್ಯಗ್ರಂಥಗಳಲ್ಲಿ ಹಳೆಯ ಸಂಗತಿ. ಜರ್ಮನಿಯಲ್ಲಿ ಇದನ್ನು ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲೇ ಸೇರಿಸಿದ್ದಾರೆ. ಇಲ್ಲಿ ಕಾರ್ಖಾನೆ ಸಿಡಿದಾಗ ಮಾತ್ರ ಪತ್ರಿಕೆಯವರು ಬರುತ್ತಾರೆ. 2016ರ ಮೇಯಲ್ಲೂ ಬಂದರು, 2024ರ ಮೇಯಲ್ಲೂ ಬಂದರು. ದಿನಕ್ಕಿಷ್ಟು ಎಂದು ಸವೆಯುವ ಹಲ್ಲಿನ ಸುದ್ದಿ ಯಾರಿಗೂ ಬೇಡ. ಅಂಥ ಕೆಲಸದಲ್ಲಿರುವ ನಮ್ಮ ಸದಸ್ಯರು ಮಾಸ್ಕನ್ನು ಗಲ್ಲದ ಮೇಲಲ್ಲದೆ ಬಾಯಿಯ ಮೇಲೆ ಹಾಕಿಕೊಳ್ಳಬೇಕು, ತಾಸಿಗೊಮ್ಮೆ ಬಾಯಿ ಮುಕ್ಕಳಿಸಬೇಕು, ತೊಟ್ಟಿಯ ಮೇಲೆ ಹಬೆ ಎಳೆಯುವ ಫ್ಯಾನು ಹಾಕಿಸಿರೆಂದು ಮಾಲೀಕರನ್ನು ಕೇಳಬೇಕು. ಕೇಳುವಾಗ ಒಬ್ಬೊಬ್ಬರೇ ಹೋಗಬೇಡಿ.

ಅಡಿಕೆಯ ಬಗ್ಗೆ ಕರಾವಳಿಯವನಾದ ನಾನು ಹೆಚ್ಚು ಹೇಳಿದರೆ ಮನೆಯಲ್ಲಿ ಊಟ ಸಿಗಲಿಕ್ಕಿಲ್ಲ. ಒಣ ಗೋಟು ಅಡಿಕೆಯನ್ನು ದಿನವಿಡೀ ಕಡಿಯುವವರ ದವಡೆಹಲ್ಲಿನ ನೆತ್ತಿ ಚಪ್ಪಟೆಯಾಗಿರುತ್ತದೆ, ಕನ್ನಡಿ ಹಿಡಿದು ನೋಡಿಕೊಳ್ಳಿ. ಗುಟ್ಕಾವನ್ನು ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ನಿಷೇಧಿಸಿದ್ದು ಹಲ್ಲಿಗಾಗಿಯಲ್ಲ, ಕ್ಯಾನ್ಸರಿಗಾಗಿ.

ಕನ್ನಡಿ ಹಿಡಿದಾಗ ಇನ್ನೊಂದನ್ನೂ ನೋಡಿ. ಕೋರೆಹಲ್ಲು ಮತ್ತು ಅದರ ಹಿಂದಿನೆರಡು ಹಲ್ಲುಗಳ ಬುಡದಲ್ಲಿ, ವಸಡಿಗೆ ತಾಗಿ, ಉಗುರು ಆಡಿಸಿ. ಕೊಡಲಿಯಿಂದ ಕಚ್ಚು ಹಾಕಿದಂತೆ ಉಗುರು ಸಿಕ್ಕಿಕೊಂಡರೆ ಅದು ಬ್ರಷ್ಷನ್ನು ಗರಗಸದಂತೆ ಅಡ್ಡಡ್ಡ ಎಳೆದದ್ದರ ಗುರುತು. ಬಲಗೈಯವರಿಗೆ ಸಾಮಾನ್ಯವಾಗಿ ಎಡಗಡೆಯೇ ಹೆಚ್ಚು, ಕೈಯ ಬಲ ಬೀಳುವುದು ಅಲ್ಲಿ. ‘ಹಾರ್ಡ್’ ಎಂದು ಬರೆದ ಬ್ರಷ್ಷಿನಿಂದ ಗ್ಯಾಸ್ ಒಲೆಯ ಬರ್ನರ್ ತೊಳೆಯಿರಿ. ಬಾಯಿಗೆ ‘ಸಾಫ್ಟ್’ ಸಾಕು. ಪೆನ್ಸಿಲ್ ಹಿಡಿದಂತೆ ಹಿಡಿದು, ವಸಡಿನಿಂದ ಹಲ್ಲಿನ ತುದಿಯ ಕಡೆಗೆ, ಎರಡು ನಿಮಿಷ, ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ. ರಾತ್ರಿ ಎಂಜಲು ಕಡಿಮೆ ಊರುವುದರಿಂದ ಎರಡನೆಯದನ್ನು ತಪ್ಪಿಸಬಾರದು. ಬೆಳಿಗ್ಗೆ ಮಾತ್ರ ಉಜ್ಜಿ ರಾತ್ರಿ ಬಿಡುವುದು ನಮ್ಮಲ್ಲಿ ಬಹುಮಂದಿಯ ರೂಢಿ.

ಇಷ್ಟರ ಮೇಲೆ ನನ್ನ ಮುಖ್ಯ ತಕರಾರು ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಮೇಲೆಯೇ ಇದೆ. ಸಂಪಾದಕರು ಇದನ್ನು ಕತ್ತರಿಸಲಾರರೆಂದು ನಂಬಿದ್ದೇನೆ. ವಾರ್ಷಿಕ ಕ್ರೀಡಾಕೂಟದಲ್ಲಿ ಬಿಸಿಲಲ್ಲಿ ಓಡಿ ಬಾಯಿ ಒಣಗಿ ಬಂದ ಮಕ್ಕಳ ಕೈಗೆ ನಾವು ಕೊಡುವುದು ಕೋಲಾ ಅಥವಾ ಕಿತ್ತಳೆ ಬಣ್ಣದ ನೀರು. ಬಾಯಿ ಒಣಗಿದಾಗ ಎಂಜಲಿನ ರಕ್ಷಣೆ ಇರುವುದಿಲ್ಲ. ಹುಳಿ ಹೆಚ್ಚು ಕೆಲಸ ಮಾಡುವುದು ಆಗಲೇ. ಹೊಸದಾಗಿ ಬಂದ ಹಲ್ಲಿನ ಎನಾಮಲ್ ಬೇರೆ ಇನ್ನೂ ಎಳೆಯದು. ಬಂದ ಪ್ರಾಯೋಜಕರು ಕೊಡುತ್ತಾರೆ, ನಾವು ಹಂಚುತ್ತೇವೆ ಎಂಬ ಉತ್ತರ ಕಳೆದ ಸಲ ಬಂತು. ಪ್ರಾಯೋಜಕರು ಬ್ಯಾನರಿಗೆ ಹಣ ಕೊಡಲಿ. ಮಕ್ಕಳಿಗೆ ಮಜ್ಜಿಗೆ ಕೊಡೋಣ. “ಮಜ್ಜಿಗೆಯೂ ಹುಳಿಯಲ್ಲವೇ?” ಎಂದು ಸಮಿತಿಯ ಒಬ್ಬ ಮಹನೀಯರು ನಕ್ಕರು. ಹುಳಿಯೇ, ಮೊಸರಿನ ಅಂಕೆ ಸುಮಾರು 4, ಎನಾಮಲ್‌ನ ಮಿತಿಗಿಂತ ಕೆಳಗೆ. ಆದರೂ ಮೊಸರು ಹಲ್ಲನ್ನು ಕರಗಿಸುವುದಿಲ್ಲ, ಏಕೆಂದರೆ ಹಲ್ಲಿನಿಂದ ಕರಗಿ ಹೊರಬರಬೇಕಾದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಅದರಲ್ಲಿ ಮೊದಲೇ ಧಾರಾಳವಾಗಿ ಕರಗಿವೆ. ತುಂಬಿದ ಬಸ್ಸಿಗೆ ಇನ್ನೊಬ್ಬ ಹತ್ತಲಾರ. ರಸಾಯನಶಾಸ್ತ್ರದ ಮೊದಲ ವರ್ಷದ ಪಾಠ ಇದು.

ವರ್ಷಕ್ಕೊಮ್ಮೆ ನೇತ್ರ ತಪಾಸಣೆ, ರಕ್ತದಾನ ಶಿಬಿರ ನಡೆಸುವ ನಾವು ಅದೇ ಹಾಲಿನಲ್ಲಿ ಎರಡು ಕುರ್ಚಿ, ಒಂದು ಟಾರ್ಚು ಇಟ್ಟು ಹಲ್ಲು ತೋರಿಸುವ ಏರ್ಪಾಟು ಮಾಡಬಹುದು. ಕನ್ನಡ ಬಲ್ಲ ದಂತವೈದ್ಯರು ಥಾಣೆಯಿಂದ ಪನವೇಲ್ ತನಕ ನಮ್ಮಲ್ಲೇ ಇದ್ದಾರೆ, ಕೇಳಿದರೆ ಒಂದು ಭಾನುವಾರ ಬಂದಾರು. ಮುಂಡರಗಿ, ಕೊಪ್ಪಳದ ಕಡೆಯ ಕೂಲಿ ಕುಟುಂಬಗಳಿಗೂ ಹೇಳಿಕಳಿಸಬೇಕು. ಅವರು ಸದಸ್ಯರಲ್ಲ ಎಂಬ ನೆವ ಬೇಡ.

ಮಜ್ಜಿಗೆಯ ಖರ್ಚು ಲೆಕ್ಕ ಹಾಕಿದ್ದೇನೆ, ಮುನ್ನೂರು ಲೋಟಕ್ಕೆ ಬಾಟಲಿಗಳ ಅರ್ಧದಷ್ಟೂ ಆಗುವುದಿಲ್ಲ. ಸಂಘದ ಅಡುಗೆ ಸಾಮಾನಿನ ಕೋಣೆಯಲ್ಲಿ ನಲ್ಲಿಯಿರುವ ಎರಡು ಸ್ಟೀಲ್ ಡ್ರಮ್ಮುಗಳಿವೆ, ಗಣೇಶೋತ್ಸವಕ್ಕೆ ಮಾತ್ರ ಹೊರಬರುತ್ತವೆ. ಬೀಗದ ಕೈ ಜೊತೆ ಕಾರ್ಯದರ್ಶಿಗಳ ಬಳಿ ಇದೆ. ಮೊಸರು ಕಡೆಯಲು ಆ ಭಾನುವಾರ ಬೆಳಿಗ್ಗೆ ಆರಕ್ಕೆ ನಾನು ಬರುತ್ತೇನೆ, ಇನ್ನಿಬ್ಬರು ಬೇಕು.